ಬೀಜವೋ, ಸಸಿಯೋ?



ಅಶೋಕಪುರದಂತಹ ಮೈಸೂರಿನ ಬಡಾವಣೆಗಳಲ್ಲಿ ಹಿತ್ತಿಲೆಂದರೆ ನಾಲ್ಕು ಗಜ ಮಣ್ಣು, ಇಲ್ಲವೇ ಮಹಡಿಯ ಮೇಲಿನ ಹತ್ತು ಕುಂಡಗಳು. ಮುಂಗಾರಿನ ಹನಿ ಬಿದ್ದೊಡನೆ ಅಲ್ಲಿ ಏಳುವ ಪ್ರಶ್ನೆ ಒಂದೇ: ಬೀಜವನ್ನು ಬಿತ್ತೋಣವೇ, ಸಸಿಯನ್ನು ಕೊಳ್ಳೋಣವೇ?

ಇದಕ್ಕೆ ಮೊದಲ ಉತ್ತರವನ್ನು ಗಿಡದ ಬೇರೇ ಹೇಳುತ್ತದೆ. ಮೂಲಂಗಿ, ಗಜ್ಜರಿಗಳಲ್ಲಿ ತಾಯಿಬೇರೇ ನಮ್ಮ ಆಹಾರ. ಕಿತ್ತು ನೆಟ್ಟರೆ ಅದು ಕವಲೊಡೆದು ಕೆಡುವುದು. ಬೆಂಡೆ, ಅವರೆ, ಹುರುಳಿಕಾಯಿಗಳಿಗೂ ಸ್ಥಳಾಂತರ ಹಿತವಲ್ಲ. ಇವನ್ನು ಇದ್ದೆಡೆಯಲ್ಲಿಯೇ ಬಿತ್ತತಕ್ಕದ್ದು. ಬದನೆ, ಟೊಮೇಟೊ, ಮೆಣಸಿನಕಾಯಿ, ಕೋಸುಗಳಾದರೋ ಒಟ್ಟಲಿನಲ್ಲಿ ನಾಲ್ಕೈದು ವಾರ ಬೆಳೆದು ಬೇರೆಡೆಗೆ ಹೋಗಲು ಒಪ್ಪುವ ಜಾತಿಯವು. ಆರೇ ಗಿಡ ಸಾಕೆನ್ನುವ ಗೃಹಸ್ಥರು ಇವುಗಳ ಸಸಿಯನ್ನು ಕೊಂಡರೆ ಒಂದು ತಿಂಗಳ ಆರೈಕೆ ಉಳಿಯುವುದು.

ಆದರೆ ಸಸಿಯೊಡನೆ ಅದರ ಮಣ್ಣೂ ಮನೆಗೆ ಬರುತ್ತದೆ ಎಂಬುದನ್ನು ಮರೆಯಬಾರದು. ಟೊಮೇಟೊ, ಬದನೆಗಳನ್ನು ಹಸುರಿರುವಾಗಲೇ ಬಾಡಿಸುವ ಸೊರಗುರೋಗದ ಸೂಕ್ಷ್ಮಜೀವಿ ಆ ಮಣ್ಣಿನಲ್ಲಿರಬಹುದು. ಬಾಡಿದ ಗಿಡದ ಕಾಂಡವನ್ನು ಕತ್ತರಿಸಿ ತಿಳಿನೀರಿನಲ್ಲಿ ಹಿಡಿದರೆ, ರೋಗವಿದ್ದಲ್ಲಿ ಹಾಲಿನಂತಹ ಎಳೆ ಇಳಿಯುವುದು ಕಾಣುತ್ತದೆ. ರೈತನು ಹೊಲವನ್ನು ಬದಲಾಯಿಸಿಯಾನು. ನಾಲ್ಕು ಗಜದ ಹಿತ್ತಿಲಿನವರು ಎಲ್ಲಿಗೆ ಹೋಗಬೇಕು? ಆದುದರಿಂದ ಗಿಡ್ಡನೆಯ, ದಪ್ಪ ಕಾಂಡದ, ಬಿಳಿ ಬೇರಿನ, ಇನ್ನೂ ಹೂಬಿಡದ ಸಸಿಯನ್ನು, ತೆಂಗಿನ ನಾರಿನ ಪುಡಿಯಲ್ಲಿ ಬೆಳೆಸಿದುದನ್ನು ಆರಿಸುವುದು ಲೇಸು.

ಬೀಜಕ್ಕೂ ಅದರ ತೊಡಕುಗಳುಂಟು. ಈರುಳ್ಳಿಯ ಬೀಜ ವರ್ಷ ಕಳೆದರೆ ಶಕ್ತಿಗುಂದುವುದು. ಟೊಮೇಟೊ ಬೀಜ ಒಣಗಿದೆಡೆಯಲ್ಲಿ ಮೂರು ನಾಲ್ಕು ವರ್ಷ ಬಾಳುವುದು. ಹತ್ತು ಬೀಜಗಳನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿಟ್ಟು ನೋಡಿ, ಏಳೆಂಟು ಮೊಳೆತರೆ ಬಿತ್ತಬಹುದು. ತನ್ನ ದಪ್ಪದ ಎರಡು ಮೂರರಷ್ಟು ಆಳ ಬೀಜಕ್ಕೆ ಸಾಕು. ನೀರು ಹೆಚ್ಚಾದರೆ ಎಳೆಯ ಮೊಳಕೆ ಬುಡ ಕೊಳೆತು ಒರಗುವುದು. ಸಂಕರ ತಳಿಯ ಹಣ್ಣಿನಿಂದ ತೆಗೆದ ಬೀಜ ತಾಯಿಯ ಗುಣವನ್ನು ಉಳಿಸದೆಂಬುದೂ ನೆನಪಿರಲಿ.

ಇಷ್ಟಾದರೂ ಬೀಜದ ಪರವಾಗಿ ಹೇಳಬೇಕಾದ ಒಂದು ಮಾತುಂಟು. ಸಸಿ ಮಾರುವವನು ಬಹುಜನ ಕೇಳುವ ತಳಿಯನ್ನೇ ಬೆಳೆಸುವನು. ನಮ್ಮ ಊರಿನ ಹೆಸರು ಹೊತ್ತ ಈರನಗೆರೆ ಬದನೆಯಂತಹವು ಉಳಿಯಬೇಕಾದರೆ, ಒಳ್ಳೆಯ ಗಿಡದ ಒಂದು ಕಾಯನ್ನು ಹಣ್ಣಾಗಲು ಬಿಟ್ಟು ಬೀಜವನ್ನು ಕಾಯ್ದಿಡುವ ಮನೆಗಳು ಬೇಕು. ಮೈಸೂರು ಮಲ್ಲಿಗೆ, ನಂಜನಗೂಡು ರಸಬಾಳೆಗಳ ಮಾತು ಬೇರೆ. ಅವು ಕಡ್ಡಿಯಿಂದ, ಕಂದಿನಿಂದ ಬರತಕ್ಕವು. ಪನಾಮಾ ಸೊರಗುರೋಗಕ್ಕೆ ತುತ್ತಾದ ರಸಬಾಳೆಯ ತೋಟಗಳು ಕ್ಷೀಣಿಸಿದುದನ್ನು ಬಲ್ಲ ನಾವು, ರೋಗವಿರುವ ತೋಟದ ಕಂದನ್ನು ತರುವ ಮುನ್ನ ಎರಡು ಬಾರಿ ಯೋಚಿಸಬೇಕು.

ಮೊದಲ ಯತ್ನಕ್ಕೆ ಚೆಂಡುಹೂವು ಉತ್ತಮ. ಜುಲೈ ತಿಂಗಳಲ್ಲಿ ಬಿತ್ತಿ, ಮೂರು ನಾಲ್ಕು ವಾರಕ್ಕೆ ನೆಟ್ಟು, ತುದಿ ಚಿವುಟಿದರೆ ಆಯುಧಪೂಜೆಯ ವೇಳೆಗೆ ಹೂವು ಬರುವುದು. ಬಾಡಿದ ಒಂದೆರಡು ಹೂಗಳಲ್ಲಿ ಮರುವರ್ಷದ ಬೀಜವೂ ಇರುವುದು.