ಹಳೆಯ ಲ್ಯಾಪ್‌ಟಾಪ್ ಮತ್ತು ವೈ-ಫೈ ಬೀಗ
(ವಿದ್ಯಾರ್ಥಿಗಳ ಸಭೆಯಲ್ಲಿ ಮಾಡಿದ ಭಾಷಣ)



ನಾನು ಉರ್ದು, ಕನ್ನಡ ಕಲಿಸುವವನು; ಕಂಪ್ಯೂಟರ್ ಪಂಡಿತನಲ್ಲ. ಆದರೂ ಈ ವಿಷಯ ಆರಿಸಿಕೊಂಡದ್ದಕ್ಕೆ ಕಾರಣವಿದೆ. ನಮ್ಮ ವಾಚನಾಲಯಕ್ಕೆ ದಾನಿಯೊಬ್ಬರು ವಿಂಡೋಸ್ ಎಕ್ಸ್‌ಪಿ ಇದ್ದ ಹಳೆಯ ಲ್ಯಾಪ್‌ಟಾಪ್ ಕೊಟ್ಟರು. ವಿದ್ಯಾರ್ಥಿವೇತನದ ಅರ್ಜಿ ತುಂಬಲು ಮಕ್ಕಳು ಕಾದು ಕುಳಿತಿದ್ದರು. ಅದು ಮಾತ್ರ ವೈ-ಫೈಗೆ ಸೇರಲೊಲ್ಲದು. ರಿಪೇರಿಗೆ ಬಂದವರು, "ಸಾರ್, ಪಾಸ್‌ವರ್ಡ್ ತೆಗೆದುಬಿಡಿ, ತಾನಾಗಿ ಬರುತ್ತೆ" ಎಂದರು. ನಾನೂ ಒಪ್ಪುವವನಿದ್ದೆ.

ಆಗ ಒಂದು ಘಟನೆ ನೆನಪಾಯಿತು. 2008ರ ಜುಲೈನಲ್ಲಿ ಅಹ್ಮದಾಬಾದ್ ಸ್ಫೋಟಗಳಿಗೆ ಕೆಲವೇ ನಿಮಿಷ ಮೊದಲು ಮಾಧ್ಯಮಗಳಿಗೆ ಹೋದ ಇ-ಮೇಲ್, ನವಿ ಮುಂಬೈಯಲ್ಲಿ ವಿದೇಶಿಯೊಬ್ಬರ ಮನೆಯ ವೈ-ಫೈ ಮೂಲಕ ಹೋಗಿತ್ತು. ಸಂಪರ್ಕಕ್ಕೆ ಬೀಗವಿರಲಿಲ್ಲ. ಯಾರೋ ಮಾಡಿದ ಕೆಲಸಕ್ಕೆ ಆ ಮನೆಯವರು ವಿಚಾರಣೆ ಎದುರಿಸಬೇಕಾಯಿತು. ಸಂಪರ್ಕ ಯಾರ ಹೆಸರಿನಲ್ಲಿದೆಯೋ ಪೊಲೀಸರು ಮೊದಲು ಅವರ ಬಾಗಿಲಿಗೇ ಬರುತ್ತಾರೆ. ನಮ್ಮ ವಾಚನಾಲಯದ ಸಂಪರ್ಕ ಇರುವುದು ಸಂಸ್ಥೆಯ ಹೆಸರಿನಲ್ಲಿ. ಇದಕ್ಕಿಂತ ಹೆಚ್ಚು ನಿಮಗೆ ಬಿಡಿಸಿ ಹೇಳಬೇಕಿಲ್ಲ.

ಹಾಗಾದರೆ ಹಳೆಯ ಬೀಗವಾದ ವೆಪ್ ಹಾಕಿದರಾಗದೇ? ಆಗದು. 1997ರಲ್ಲಿ ಬಂದ ಆ ಗೂಢಲಿಪಿಯ ದೋಷ 2001ರಲ್ಲೇ ಬಯಲಾಯಿತು. 2007ರಲ್ಲಿ ಜರ್ಮನಿಯ ಡಾರ್ಮ್‌ಸ್ಟಾಟ್‌ನ ಸಂಶೋಧಕರು ಅದನ್ನು ಒಂದು ನಿಮಿಷದೊಳಗೆ ಮುರಿಯಬಹುದೆಂದು ತೋರಿಸಿದರು. ಕನಿಷ್ಠ 2004ರ ಡಬ್ಲ್ಯುಪಿಎ-2 ಆದರೂ ಇರಬೇಕು.

ಬೀಗ ಸಡಿಲಿಸದೆ ಲ್ಯಾಪ್‌ಟಾಪನ್ನೇ ಪರೀಕ್ಷಿಸಿದೆವು. ಪಟ್ಟಿಯಲ್ಲಿ ವೈ-ಫೈ ಹೆಸರೇ ಕಾಣದಿದ್ದರೆ ಮೊದಲು ಯಂತ್ರದ ಅಂಚಿನಲ್ಲಿರುವ ಪುಟ್ಟ ಸ್ವಿಚ್ ನೋಡಿ. ಬಹಳಷ್ಟು ಹಳೆಯ ಯಂತ್ರಗಳಿಗೆ 5 ಗಿಗಾಹರ್ಟ್ಸ್ ಕಾಣುವುದಿಲ್ಲ, ರೂಟರ್‌ನಲ್ಲಿ 2.4 ಚಾಲೂ ಇರಬೇಕು. ನಮಗೆ ಹೆಸರು ಕಾಣುತ್ತಿತ್ತು, ಪಾಸ್‌ವರ್ಡ್ ಹಿಡಿಯುತ್ತಿರಲಿಲ್ಲ. ಒಂಬತ್ತನೇ ತರಗತಿಯ ಹುಡುಗಿಯೊಬ್ಬಳು, "ಸರ್, ಮೊದಲು ನೋಟ್‌ಪ್ಯಾಡ್‌ನಲ್ಲಿ ಟೈಪ್ ಮಾಡಿ ನೋಡೋಣ" ಎಂದಳು. ನೋಡಿದರೆ ಕೆ ಒತ್ತಿದರೆ 2, ಎಲ್ ಒತ್ತಿದರೆ 3! ನಮ್ ಲಾಕ್ ಬಿದ್ದಿತ್ತು. ಪಾಸ್‌ವರ್ಡ್ ಚುಕ್ಕೆಗಳಾಗಿ ಕಾಣುವುದರಿಂದ ಬಿ.ಎಡ್. ಮೇಷ್ಟರಿಗೆ ಗೊತ್ತಾಗಲಿಲ್ಲ.

ಅಷ್ಟಾದರೂ ಸಂಪರ್ಕ ಸಿಗಲಿಲ್ಲ. ಹಳೆಯ ರೂಟರಿನ ಕಾಲದಲ್ಲಿ ಉಳಿಸಿಟ್ಟ ಹೆಸರನ್ನು ಅಳಿಸಿ ಹೊಸದಾಗಿ ಸೇರಿಸಿದೆವು. ಆಗ ನೋಡಿದರೆ ಆಯ್ಕೆಗಳಲ್ಲಿ ಡಬ್ಲ್ಯುಪಿಎ-2 ಇಲ್ಲವೇ ಇಲ್ಲ. ಎಕ್ಸ್‌ಪಿಯ ಎರಡನೇ ಸರ್ವಿಸ್ ಪ್ಯಾಕ್‌ಗೆ ಅದನ್ನು ಪ್ರತ್ಯೇಕವಾಗಿ ಸೇರಿಸಬೇಕಿತ್ತು. 2008ರ ಮೂರನೆಯದರಲ್ಲಿ ಅದು ಒಳಗೇ ಇದೆ. ಅದನ್ನು ಹಾಕಿದ ಮೇಲೆ ಯಂತ್ರ ಸೇರಿಕೊಂಡಿತು. ಒಳಗಿನ ಕಾರ್ಡೇ ತೀರ ಹಳೆಯದಾಗಿದ್ದರೆ ಇದರಿಂದಲೂ ಪ್ರಯೋಜನವಿಲ್ಲ. ಎಕ್ಸ್‌ಪಿಗೆ ಹೊಂದುವ ಯುಎಸ್‌ಬಿ ವೈ-ಫೈ ಅಡಾಪ್ಟರ್ ತರಬೇಕು.

ಸೇರಿದ ಮೇಲೂ ಕೆಲವು ತಾಣ ತೆರೆಯದಿದ್ದರೆ ದಿನಾಂಕ ನೋಡಿ. ಒಳಗಿನ ಬ್ಯಾಟರಿ ಸತ್ತು ಯಂತ್ರ ಎಷ್ಟೋ ವರ್ಷ ಹಿಂದೆಯೇ ನಿಂತಿರಬಹುದು.

ಇಷ್ಟೆಲ್ಲ ಮಾಡಿದರೂ ಅರ್ಜಿಗಳನ್ನು ಅದರಲ್ಲಿ ತುಂಬಿಸಲಿಲ್ಲ. ಎಕ್ಸ್‌ಪಿಗೆ ಮೈಕ್ರೋಸಾಫ್ಟ್‌ನ ಬೆಂಬಲ 2014ರ ಏಪ್ರಿಲ್‌ನಲ್ಲೇ ನಿಂತಿದೆ. ಮಕ್ಕಳ ಆಧಾರ್, ಬ್ಯಾಂಕ್ ಖಾತೆ ಸಂಖ್ಯೆಗಳನ್ನು ಅಂಥ ಯಂತ್ರಕ್ಕೆ ಒಪ್ಪಿಸಲು ಮನಸ್ಸಾಗಲಿಲ್ಲ. ಕಚೇರಿಯ ಕಂಪ್ಯೂಟರಿನಲ್ಲಿ ಸಂಜೆಯವರೆಗೆ ಕೂತು ಮುಗಿಸಿದೆವು. ಆ ಲ್ಯಾಪ್‌ಟಾಪ್‌ನಲ್ಲಿ ಈಗ ಮಕ್ಕಳು ನುಡಿಯಲ್ಲಿ ಕನ್ನಡ, ಇನ್‌ಪೇಜ್‌ನಲ್ಲಿ ಉರ್ದು ಟೈಪಿಂಗ್ ಕಲಿಯುತ್ತಿದ್ದಾರೆ. ಅದಕ್ಕೆ ವೈ-ಫೈ ಬೇಕಾಗಿಯೇ ಇಲ್ಲ.