ಗುಡ್ಡದ ತರಗೆಲೆಯೂ ಶಾಲೆಯ ಬಾವಿಯೂ
(ವಾರ್ಷಿಕೋತ್ಸವದ ಸಭೆಯಲ್ಲಿ ಮುಖ್ಯೋಪಾಧ್ಯಾಯರು ಮಾಡಿದ ಭಾಷಣ)



ಇಂತಹ ಸಮಾರಂಭದಲ್ಲಿ ಮುಖ್ಯೋಪಾಧ್ಯಾಯರಾದವರು ಪರೀಕ್ಷೆಯ ಫಲಿತಾಂಶವನ್ನೂ ಶಿಸ್ತಿನ ಮಹಿಮೆಯನ್ನೂ ಕುರಿತು ಮಾತನಾಡುವುದು ವಾಡಿಕೆ. ಫಲಿತಾಂಶವು ವರದಿಯಲ್ಲಿ ಅಚ್ಚಾಗಿದೆ. ಶಿಸ್ತಿನ ವಿಷಯವನ್ನು ನಾವು ವರ್ಷವಿಡೀ ಹೇಳುತ್ತಲೇ ಇದ್ದೇವೆ. ಇಂದು ತಮ್ಮ ಅಪ್ಪಣೆ ಪಡೆದು, ಶಾಲೆಯ ಹಿಂಬದಿಯ ಗುಡ್ಡವನ್ನೂ ಅದರ ಮೇಲೆ ಬಿದ್ದಿರುವ ತರಗೆಲೆಯನ್ನೂ ಕುರಿತು ನಾಲ್ಕು ಮಾತುಗಳನ್ನಾಡಬಯಸುತ್ತೇವೆ.

ಇದಕ್ಕೆ ಕಾರಣವುಂಟು. ಕಳೆದ ಬೇಸಗೆಯ ಸಭೆಯಲ್ಲಿ, ಆ ಗುಡ್ಡವನ್ನು ಜೆ.ಸಿ.ಬಿ. ಯಂತ್ರದಿಂದ ಸಮತಟ್ಟು ಮಾಡಿಸಿ ಆಟದ ಬಯಲನ್ನು ಹಿಗ್ಗಿಸಬೇಕೆಂದೂ, ಕಡಿದು ತೆಗೆದ ಮುರಕಲ್ಲನ್ನು ಮಾರಿ ಬಂದ ಹಣದಿಂದ ಎರಡು ತರಗತಿ ಕೋಣೆಗಳನ್ನು ಕಟ್ಟಿಸಬೇಕೆಂದೂ ಸಲಹೆ ಬಂದಿತು. ಸಲಹೆ ಮಾಡಿದವರು ಶಾಲೆಯ ಹಿತೈಷಿಗಳೇ. ಮಳೆಗಾಲದಲ್ಲಿ ಏಳನೆಯ ತರಗತಿಯ ಮಾಡು ಸೋರುವುದನ್ನು ಬಲ್ಲ ನಾವೂ ಅಂದು ತಲೆದೂಗಿದೆವು. ಆ ಒಪ್ಪಿಗೆಯು ಅವಸರದ್ದೆಂದು ಈಗ ನಮಗೆ ತೋರುತ್ತದೆ.

ಮೊದಲು ಕಲ್ಲಿನ ವಿಚಾರ. ಕಾಸರಗೋಡಿನವರಾದ ನಮಗೆ ಮುರಕಲ್ಲು ಹುಟ್ಟಿನಿಂದ ಪರಿಚಿತ. ನಮ್ಮ ಮನೆಗಳ ಗೋಡೆ ಅದರದು. 17ನೆಯ ಶತಮಾನದಲ್ಲಿ ಇಕ್ಕೇರಿಯ ನಾಯಕರು ಕಟ್ಟಿಸಿದ ಬೇಕಲದ ಕೋಟೆಯೂ ಅದರದೇ. ಫ್ರಾನ್ಸಿಸ್ ಬುಕಾನನ್ ಎಂಬ ವೈದ್ಯರು ಮೈಸೂರು, ಕನ್ನಡ ಜಿಲ್ಲೆ, ಮಲಬಾರುಗಳಲ್ಲಿ ಸಂಚರಿಸಿ 1807ರಲ್ಲಿ ಪ್ರಕಟಿಸಿದ ಪ್ರವಾಸಗ್ರಂಥದಲ್ಲಿ, ಮಲಬಾರಿನ ಅಂಗಾಡಿಪುರದಲ್ಲಿ ಕಂಡ ಈ ಕಲ್ಲಿಗೆ ‘ಲ್ಯಾಟರೈಟ್’ ಎಂದು ಹೆಸರಿಟ್ಟರು. ಲ್ಯಾಟಿನ್ ಭಾಷೆಯಲ್ಲಿ ‘ಲೇಟರ್’ ಎಂದರೆ ಇಟ್ಟಿಗೆ. ನೆಲದೊಳಗಿರುವಾಗ ಕಬ್ಬಿಣದ ಹತಾರಿನಿಂದ ಸುಲಭವಾಗಿ ಕಡಿಯುವಷ್ಟು ಮೆತ್ತಗಿರುವ ಇದು, ಗಾಳಿಬಿಸಿಲಿಗೆ ಒಡ್ಡಿದೊಡನೆ ಇಟ್ಟಿಗೆಯಂತೆ ಗಡುಸಾಗುವುದನ್ನು ಅವರು ಗಮನಿಸಿದ್ದರು. ವಿದ್ಯಾರ್ಥಿಗಳು ಈ ಗುಣವನ್ನು ನೆನಪಿನಲ್ಲಿಡಬೇಕು, ಮುಂದೆ ಬೇಕಾಗುತ್ತದೆ.

ನಮ್ಮಲ್ಲಿ ವರ್ಷಕ್ಕೆ 3000 ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿಯುತ್ತದೆ. ಲಕ್ಷಾಂತರ ವರ್ಷಗಳ ಇಂತಹ ಮಳೆಯು ಬಂಡೆಯೊಳಗಿನ ಸುಣ್ಣ, ಪೊಟ್ಯಾಷ್, ಸಿಲಿಕಗಳನ್ನು ಕರಗಿಸಿ ಒಯ್ದಿತು. ಕಬ್ಬಿಣ, ಅಲ್ಯುಮಿನಿಯಮುಗಳ ಆಕ್ಸೈಡುಗಳು ಉಳಿದವು. ಮಣ್ಣಿನ ಕೆಂಪು ಆ ಕಬ್ಬಿಣದ್ದು. ಗಿಡಕ್ಕೆ ಬೇಕಾದ ರಂಜಕವನ್ನು ಆ ಕಬ್ಬಿಣವು ಬಿಗಿಹಿಡಿದು ಬಿಟ್ಟುಕೊಡಲೊಲ್ಲದು. ಹೀಗಿರಲು, ಇಷ್ಟು ಬಡವಾದ ಮಣ್ಣಿನ ಮೇಲೆ ಹೊನ್ನೆ, ಮತ್ತಿ, ಕುಂಟುನೇರಳೆ, ಕೇಪಳಗಳು ಇಷ್ಟು ದಟ್ಟವಾಗಿ ಬೆಳೆದುದಾದರೂ ಹೇಗೆ?

ಗುಡ್ಡದ ಸಿರಿ ಮಣ್ಣಿನ ಆಳದಲ್ಲಿಲ್ಲ, ಮೇಲಣ ಗೇಣಿನಷ್ಟು ಪದರದಲ್ಲಿದೆ. ಉದುರಿದ ಎಲೆಯನ್ನು ಗೆದ್ದಲು, ಎರೆಹುಳು, ಶಿಲೀಂಧ್ರಗಳು ಕೊಳೆಯಿಸಿ ಸಾರವನ್ನು ಬಿಡಿಸುತ್ತವೆ. ಮಳೆನೀರು ಅದನ್ನು ಕೊಚ್ಚಿ ಒಯ್ಯುವ ಮೊದಲೇ ಮೇಲುಬೇರುಗಳು ಹೀರಿಕೊಂಡು ಮತ್ತೆ ಎಲೆಗೆ ಕಳುಹಿಸುತ್ತವೆ. ಜರ್ಮನಿಯ ಆಲ್ಬರ್ಟ್ ಫ್ರಾಂಕ್ ಎಂಬ ವಿಜ್ಞಾನಿ, ಮರದ ಬೇರೂ ಶಿಲೀಂಧ್ರದ ಎಳೆಗಳೂ ಕೂಡಿ ಬಾಳುವುದನ್ನು ಕಂಡು 1885ರಲ್ಲಿ ಆ ಕೂಟಕ್ಕೆ ‘ಮೈಕೊರೈಜ’ ಎಂದು ಹೆಸರಿಟ್ಟನು. ಬೇರು ತಲುಪಲಾರದ ಸಂದುಗಳಿಂದ ರಂಜಕವನ್ನು ತಂದುಕೊಡುವುದು ಆ ಎಳೆಗಳು. ಬದಲಿಗೆ ಮರವು ಅವುಗಳಿಗೆ ಸಕ್ಕರೆಯನ್ನು ಕೊಡುತ್ತದೆ. ಕೈಯಲ್ಲಿ ಮೂಲಧನವಿಲ್ಲದಿದ್ದರೂ ಬಂದ ದುಡ್ಡನ್ನು ಒಂದು ದಿನವೂ ಸುಮ್ಮನಿರಿಸದೆ ತಿರುಗಿಸುವ ಜಾಣ ವ್ಯಾಪಾರಿಯ ಅಂಗಡಿಯಂತೆ ಕಾಡಿನ ಈ ವ್ಯವಹಾರ.

ಎರೆಹುಳುವಿನ ವಿಷಯದಲ್ಲಿ ಒಂದು ಮಾತು. ಚಾರ್ಲ್ಸ್ ಡಾರ್ವಿನ್ನನು 1881ರಲ್ಲಿ ಎರೆಹುಳುಗಳನ್ನೇ ಕುರಿತು ಒಂದು ಗ್ರಂಥವನ್ನು ಬರೆದನು. ಇಂಗ್ಲೆಂಡಿನ ಹಲವು ಕಡೆಗಳಲ್ಲಿ ಎಕರೆಗೆ ವರ್ಷಕ್ಕೆ 10 ಟನ್ನಿಗೂ ಹೆಚ್ಚು ಮಣ್ಣು ಅವುಗಳ ಹೊಟ್ಟೆಯನ್ನು ಹಾದು ಮೇಲೆ ಬರುತ್ತದೆಂದು ಅವನ ಲೆಕ್ಕ. ಅವುಗಳಿಗೆ ಕಿವಿಯುಂಟೇ ಎಂದು ತಿಳಿಯಲು ಮಗನಿಂದ ಬಸೂನ್ ಎಂಬ ವಾದ್ಯವನ್ನೂ ಊದಿಸಿದನಂತೆ. ಹುಳುಗಳು ಲಕ್ಷ್ಯವನ್ನೇ ಕೊಡಲಿಲ್ಲ. ನಮ್ಮ ಭಾಷಣದ ವೇಳೆ ಹಿಂದಿನ ಸಾಲಿನವರೂ ಹಾಗೆಯೇ ಇರುವುದನ್ನು ನೋಡಿದ್ದೇವೆ.

ಈಗ ನಮ್ಮದೇ ತಪ್ಪನ್ನು ಒಪ್ಪಿಕೊಳ್ಳಬೇಕು. ಈ ಶಾಲೆಗೆ ಬಂದಂದಿನಿಂದ ಪ್ರತಿ ಶುಕ್ರವಾರ ಸೇವಾ ಅವಧಿಯಲ್ಲಿ ಗುಡ್ಡದ ಕೆಳಭಾಗದ ಎಲೆಗಳನ್ನು ಮಕ್ಕಳಿಂದ ಗುಡಿಸಿ, ರಾಶಿ ಹಾಕಿಸಿ, ಸುಡಿಸುತ್ತಿದ್ದೆವು. ಚೊಕ್ಕಟವೆಂದು ಬಂದವರೆಲ್ಲ ಮೆಚ್ಚಿದರು. ಈ ವರ್ಷ ಒಂಬತ್ತನೆಯ ತರಗತಿಯವರು ವಿಜ್ಞಾನದ ಅಧ್ಯಾಪಕರೊಡನೆ ಒಂದು ಪ್ರಯೋಗ ಮಾಡಿದರು. ಎರಡೂ ತುದಿ ಕತ್ತರಿಸಿದ ಡಬ್ಬವೊಂದನ್ನು ಮರಗಳ ನಡುವಣ ನೆಲದಲ್ಲಿ ಊರಿ ಒಂದು ಚೆಂಬು ನೀರು ಹೊಯ್ದರು. ನೋಡನೋಡುತ್ತ ನೀರು ಇಂಗಿಹೋಯಿತು. ಅದೇ ಡಬ್ಬವನ್ನು ನಾವು ಗುಡಿಸುತ್ತಿದ್ದ ಜಾಗದಲ್ಲಿ ಊರಲು ಕಲ್ಲಿನಿಂದ ಬಡಿಯಬೇಕಾಯಿತು. ಹೊಯ್ದ ನೀರು ಮುಂದಿನ ಪಾಠದ ಗಂಟೆ ಬಾರಿಸುವಾಗಲೂ ಡಬ್ಬದಲ್ಲಿಯೇ ನಿಂತಿತ್ತು. ಎರಡು ಜಾಗಗಳ ನಡುವೆ ಹತ್ತು ಹೆಜ್ಜೆಯ ಅಂತರವೂ ಇಲ್ಲ.

ಎಲೆಯ ಹೊದಿಕೆ ಹೋದರೆ ಮಳೆಹನಿಯ ಪೆಟ್ಟು ನೇರವಾಗಿ ಮಣ್ಣಿಗೆ ಬೀಳುತ್ತದೆ, ಹುಳುಗಳ ಬಿಲಗಳು ಮುಚ್ಚುತ್ತವೆ, ಮೇಲ್ಮಣ್ಣು ತೊಳೆದುಹೋಗುತ್ತದೆ. ಆಮೇಲೆ ಬುಕಾನನ್ನರು ಕಂಡ ಗುಣ ತನ್ನ ಕೆಲಸವನ್ನು ಆರಂಭಿಸುತ್ತದೆ. ಬಿಸಿಲಿಗೆ ಒಣಗಿ ಒಮ್ಮೆ ಪಾರೆಯಾದ ನೆಲ ಮಳೆಯಲ್ಲಿ ನೆನೆದರೂ ಮತ್ತೆ ಮಣ್ಣಾಗದು. (ನಮ್ಮ ಪದವುಗಳೆಲ್ಲ ಮನುಷ್ಯರ ಕೇಡಿನಿಂದ ಆದವೆಂದು ಯಾರೂ ತಿಳಿಯಬಾರದು. ಅವುಗಳಿಗೆ ತಮ್ಮದೇ ಆದ ಹುಲ್ಲು, ಹೂವು, ಪಳ್ಳಗಳ ಬಾಳು ಉಂಟು.)

ಇಂಗಿದ ನೀರು ಹೋಗುವುದೆಲ್ಲಿಗೆ? ಬಾಯಾರಿನ ಕಡೆಯ ಮಕ್ಕಳು ಇದನ್ನು ನಮಗಿಂತ ಚೆನ್ನಾಗಿ ಬಲ್ಲರು. ತೂತುತೂತಾದ ಮುರಕಲ್ಲು ಗುಡ್ಡದ ಹೊಟ್ಟೆಯಲ್ಲಿ ನೀರನ್ನು ಹಿಡಿದಿಡುತ್ತದೆ; ಹಿರಿಯರು ಅಡ್ಡಲಾಗಿ ಕೊರೆದ ಸುರಂಗಗಳಲ್ಲಿ ಆ ನೀರು ಪಂಪಿನ ಹಂಗಿಲ್ಲದೆ ಹರಿದುಬರುತ್ತದೆ. ನಮ್ಮ ಶಾಲೆಯ ಬಾವಿ ಇರುವುದೂ ಗುಡ್ಡದ ಬುಡದಲ್ಲೇ. ಮಧ್ಯಾಹ್ನದ ಊಟದ ಅಕ್ಕಿ ಬೇಯುವುದು ಆ ನೀರಿನಲ್ಲಿ. ಗುಡ್ಡವನ್ನು ಕಡಿದು ಕಲ್ಲು ಮಾರಿದರೆ ಕೋಣೆಗಳೇನೋ ಬರಬಹುದು. ಏಪ್ರಿಲಿನಲ್ಲಿ ಆ ಕೋಣೆಗಳ ಮಕ್ಕಳಿಗೆ ಟ್ಯಾಂಕರಿನ ನೀರು ತರಿಸಬೇಕಾದೀತು.

ಅಡಕೆ ತೋಟದ ಪೋಷಕರು ಇಲ್ಲಿ ಒಂದು ಆಕ್ಷೇಪವನ್ನು ಎತ್ತಬಹುದು. ಹಟ್ಟಿಗೂ ತೋಟಕ್ಕೂ ಗುಡ್ಡದ ಸೊಪ್ಪು, ತರಗೆಲೆ ತರುವುದು ತಲೆತಲಾಂತರದ ಕ್ರಮವಲ್ಲವೆ? ನಿಜ. ಆದರೆ ಹಿರಿಯರಿಗೆ ಗುಡ್ಡ ವಿಶಾಲವಾಗಿತ್ತು, ಸರದಿಯಂತೆ ಬಿಡುವು ಕೊಡುತ್ತಿದ್ದರು. ಇಂದು ಉಳಿದುದು ತುಂಡು ಗುಡ್ಡ. 1916ರಲ್ಲಿ ತೆಂಗಿನ ಸಂಶೋಧನಾ ಕೇಂದ್ರವಾಗಿ ಆರಂಭವಾಗಿ 1970ರಲ್ಲಿ ತೋಟದ ಬೆಳೆಗಳ ಕೇಂದ್ರೀಯ ಸಂಶೋಧನಾ ಸಂಸ್ಥೆಯಾದ ನಮ್ಮ ಊರಿನ ಸಿ.ಪಿ.ಸಿ.ಆರ್.ಐ., ತೋಟದಲ್ಲೇ ಬಿದ್ದ ತೆಂಗಿನ ಮಡಲನ್ನು ಎರೆಹುಳುಗಳಿಂದ ಗೊಬ್ಬರ ಮಾಡಿಸುವ ವಿಧಾನವನ್ನು ರೂಪಿಸಿದೆ. ತೋಟದ ಕಸ ತೋಟಕ್ಕೇ ಸಂದರೆ ಗುಡ್ಡದ ಎಲೆ ಗುಡ್ಡದಲ್ಲಿ ಉಳಿದೀತು.

ಎಲೆ ಸುಡುವುದನ್ನು ಜೂನ್ ತಿಂಗಳಿನಿಂದ ನಿಲ್ಲಿಸಿದ್ದೇವೆ. ಗುಡ್ಡದ ಸಲಹೆಗೆ ಕೊಟ್ಟಿದ್ದ ಒಪ್ಪಿಗೆಯನ್ನು ಹಿಂತೆಗೆದುಕೊಂಡು ಆಡಳಿತ ಮಂಡಳಿಗೆ ಪತ್ರ ಬರೆದಿದ್ದೇವೆ. ಕೋಣೆಗಳಿಗೆ ಹಣವೆಲ್ಲಿಂದ ಎಂಬ ಪ್ರಶ್ನೆಗೆ ನಮ್ಮಲ್ಲಿ ಪೂರ್ತಿ ಉತ್ತರವಿಲ್ಲ. ಒಂದು ತಿಂಗಳ ವೇತನವನ್ನು ಕಟ್ಟಡ ನಿಧಿಗೆ ಕೊಡುತ್ತೇವೆಂಬುದನ್ನು ಮಾತ್ರ ಪತ್ರದಲ್ಲಿ ಕಾಣಿಸಿದ್ದೇವೆ. ಮುಂದಿನ ಸಭೆಯಲ್ಲಿ ಈ ವಿಷಯ ನಿರ್ಣಯಕ್ಕೆ ಬರಲಿದೆ. ಪೋಷಕರೆಲ್ಲರೂ ತಪ್ಪದೆ ಬರಬೇಕು. ಪ್ರಯೋಗದ ಡಬ್ಬವೂ ಚೆಂಬೂ ಜಗಲಿಯ ಮೇಲಿವೆ. ನಾಟಕ ಆರಂಭವಾಗಲು ಇನ್ನೂ ಅರ್ಧ ಗಂಟೆಯಿದೆ. ಒಂಬತ್ತನೆಯ ತರಗತಿಯವರು ತಮ್ಮನ್ನು ಗುಡ್ಡಕ್ಕೆ ಕರೆದೊಯ್ಯಲು ಕಾದಿದ್ದಾರೆ.