ಚಂಡೀಗಢದ 57ನೇ ನಂಬರ್ ಮನೆ

ದೆಹಲಿಯಲ್ಲಿರೋ ನಮ್ಮಂಥವರಿಗೆ ಚಂಡೀಗಢ ಅಂದ್ರೆ ಶಿಮ್ಲಾ ದಾರಿಯಲ್ಲಿ ಸಿಗೋ ಒಂದು ಊರು, ಅಷ್ಟೇ. ಊರಿಂದ ನೆಂಟರು ಬಂದ್ರೆ ರಾಕ್ ಗಾರ್ಡನ್ ತೋರಿಸ್ತೀವಿ, ಪರಾಠಾ ತಿಂದು ಕಾಲ್ಕಾ ಕಡೆ ಹೊರಡ್ತೀವಿ. ಇವತ್ತು ನಾನು ಹೇಳಬೇಕು ಅಂತಿರೋದು ಅಲ್ಲಿನ ಸೆಕ್ಟರ್ 5ರಲ್ಲಿರುವ ಒಂದು ಮನೆಯ ವಿಷಯ. ನಂಬರ್ 57.

ಈ ಮನೆಯನ್ನು ವಿನ್ಯಾಸ ಮಾಡಿ, 1954ರಿಂದ 1965ರವರೆಗೆ ಅದರಲ್ಲೇ ವಾಸ ಮಾಡಿದವರು ಪಿಯರ್ ಜಾನ್ನರೆ. ಹೆಸರು ಕೇಳಿದ ಹಾಗಿಲ್ಲ ಅಲ್ವಾ? ಲ ಕಾರ್ಬೂಸಿಯೆ ಹೆಸರು ಕೇಳಿರ್ತೀರಿ. ಇಬ್ಬರೂ ಸ್ವಿಟ್ಜರ್ಲೆಂಡಿನವರು, ಸಂಬಂಧದಲ್ಲಿ ಅಣ್ಣ-ತಮ್ಮ. 1922ರಿಂದ ಪ್ಯಾರಿಸ್‌ನಲ್ಲಿ ಜೊತೆಗೇ ಕೆಲಸ ಮಾಡಿದವರು. 1940ರಲ್ಲಿ ಬೇರೆಯಾದರು. ಯುದ್ಧಕಾಲದಲ್ಲಿ ಅಣ್ಣ ವಿಶಿ ಸರ್ಕಾರದ ಬಾಗಿಲು ತಟ್ಟಿದರೆ, ತಮ್ಮ ಅದರ ವಿರುದ್ಧದ ಪ್ರತಿರೋಧದ ಗುಂಪು ಸೇರಿದರು. ಇಬ್ಬರನ್ನೂ ಮತ್ತೆ ಒಂದೇ ಮೇಜಿಗೆ ತಂದಿದ್ದು 1951ರ ಚಂಡೀಗಢ. ಅಣ್ಣ ವರ್ಷಕ್ಕೆ ಎರಡು ಸಲ ಬಂದು ಹೋಗುತ್ತಿದ್ದರು. ತಮ್ಮ ಇಲ್ಲೇ ಉಳಿದರು. ಜೂನ್ ತಿಂಗಳ ಬಿಸಿಗಾಳಿ, ಸಿಮೆಂಟಿನ ಅಭಾವ, ಗುತ್ತಿಗೆದಾರರ ಜೊತೆ ಜಟಾಪಟಿ, ಎಲ್ಲ ತಮ್ಮನ ಪಾಲು. ನಮ್ಮ ಮನೆಗಳಲ್ಲೂ ಹೀಗೇ ತಾನೆ, ಮದುವೆ ಓಡಾಟವೆಲ್ಲ ಒಬ್ಬನದು, ಪತ್ರಿಕೆಯಲ್ಲಿ ಹೆಸರು ಇನ್ನೊಬ್ಬರದು.

ಮನೆ ಹೊರಗಿನಿಂದ ಅಬ್ಬರದ್ದೇನಲ್ಲ. ಇಟ್ಟಿಗೆ. ಆಗ ಅಲ್ಲಿ ಅಗ್ಗವಾಗಿ ಸಿಗುತ್ತಿದ್ದದ್ದು ಅದೇ. ಇಟ್ಟಿಗೆಗಳ ನಡುವೆ ಕಿಂಡಿ ಬಿಟ್ಟು ಕಟ್ಟಿದ ಜಾಲಂಧ್ರವೇ ಮನೆಯ ಮುಖ. ಬಿಸಿಲು ಚೂರುಚೂರಾಗಿ ಒಳಗೆ ಬರುತ್ತೆ, ಗಾಳಿ ಪೂರ್ತಿ ಬರುತ್ತೆ. ನಾನು ಹೋಗಿದ್ದು ಏಪ್ರಿಲ್ ಮಧ್ಯಾಹ್ನ. ರಸ್ತೆಯಲ್ಲಿ ನೆತ್ತಿ ಸುಡುತ್ತಿತ್ತು, ಒಳಗೆ ಕಾಲಿಟ್ಟ ಕೂಡಲೇ ಹಾಯೆನಿಸಿತು. ಚಳಿಗಾಲಕ್ಕೆ ಬೆಂಕಿಗೂಡು ಇದೆ. ಪತ್ರಗಳು, ಹಳೇ ಫೋಟೋಗಳು, ಅವರು ಮಾಡಿಸಿದ ಕುರ್ಚಿ-ಮೇಜುಗಳು ಇವೆ.

ಆ ಕುರ್ಚಿಗಳದೇ ಒಂದು ಕಥೆ. ತೇಗದ ಚೌಕಟ್ಟು, ಬೆತ್ತದ ಹೆಣಿಗೆ, ಇಂಗ್ಲಿಷ್ 'ವಿ' ಅಕ್ಷರವನ್ನು ಬೋರಲು ಹಾಕಿದಂಥ ಕಾಲು. ಸರ್ಕಾರಿ ಕಚೇರಿಗೆ ಅಂತ ಮಾಡಿಸಿದ್ದು. ಬೆತ್ತ ಕಿತ್ತುಹೋದ ಮೇಲೆ ಗುಜರಿ ಲೆಕ್ಕದಲ್ಲಿ ಹರಾಜಾದವು. ಅದನ್ನೇ ಕೊಂಡುಹೋದ ವಿದೇಶಿ ವ್ಯಾಪಾರಿಗಳು ಪಾಲಿಶ್ ಹಾಕಿಸಿ ಲಕ್ಷಗಟ್ಟಲೆ ರೂಪಾಯಿಗೆ ಮಾರಿದರು. ಕೇಂದ್ರ ಗೃಹ ಸಚಿವಾಲಯ ಈ ಮಾರಾಟ ತಡೆಯಲು ಆದೇಶ ಹೊರಡಿಸಿದ್ದು 2011ರಲ್ಲಿ. ಕುದುರೆ ಓಡಿಹೋದ ಮೇಲೆ ಲಾಯಕ್ಕೆ ಬೀಗ.

ಈಗ ಇನ್ನೊಂದು ವಿಷಯ, ಕೇಂದ್ರ ಸರ್ಕಾರಿ ಕ್ವಾರ್ಟರ್ಸ್‌ನಲ್ಲಿ ಬೆಳೆದವರಿಗೆ ಮಜಾ ಅನ್ನಿಸುತ್ತೆ. ನಮ್ಮಲ್ಲಿ ಟೈಪ್ 1 ಅಂದ್ರೆ ಅತಿ ಚಿಕ್ಕ ಮನೆ. ಚಂಡೀಗಢದ ಮೂಲ ಯೋಜನೆಯಲ್ಲಿ ಉಲ್ಟಾ, 1 ಅಂದ್ರೆ ಮುಖ್ಯಮಂತ್ರಿ, 13 ಅಂದ್ರೆ ಜವಾನ. ನಂಬರಿನ ಪಕ್ಕದ ಅಕ್ಷರ ವಾಸ್ತುಶಿಲ್ಪಿಯ ಹೆಸರಿನದು. 57ನೇ ನಂಬರ್ ಮನೆ '4-ಜೆ'. ಅಂದ್ರೆ ಇದು ಆ ಮನುಷ್ಯ ತನಗೋಸ್ಕರ ಕಟ್ಟಿಕೊಂಡ ಬಂಗಲೆಯಲ್ಲ, ಒಂದು ಕ್ವಾರ್ಟರ್ಸು. ನಮ್ಮಪ್ಪನ ಹಾಗೆ ಅವರೂ ಒಬ್ಬ ಅಲಾಟಿ!

ಅಲ್ಲೇ ನನಗೆ ಸ್ವಲ್ಪ ಕಸಿವಿಸಿ ಆಯ್ತು. ಅನಾರೋಗ್ಯದಿಂದ ಜಾನ್ನರೆ 1965ರಲ್ಲಿ ಜಿನೀವಾಗೆ ಹೋದರು, 1967ರಲ್ಲಿ ತೀರಿಕೊಂಡರು. ಅವರ ಇಚ್ಛೆಯಂತೆ ಚಿತಾಭಸ್ಮವನ್ನು ತಂದು ಸುಖನಾ ಕೆರೆಯಲ್ಲಿ ಬಿಟ್ಟರು. ಮನೆ ಸರ್ಕಾರಿ ಮನೆಯಾಗಿಯೇ ಮುಂದುವರಿಯಿತು. 2017ರ ಮಾರ್ಚ್ 22ಕ್ಕೆ, ಅವರ ಹುಟ್ಟಿದ ದಿನ, ಜೀರ್ಣೋದ್ಧಾರ ಮಾಡಿ ವಸ್ತುಸಂಗ್ರಹಾಲಯ ಅಂತ ತೆರೆದರು. ಕೆಲಸ ಅಚ್ಚುಕಟ್ಟಾಗಿದೆ, ಅದರಲ್ಲಿ ಎರಡು ಮಾತಿಲ್ಲ. ಆದರೆ ಅಲ್ಲಿರೋದು ಅವರ ಹನ್ನೊಂದು ವರ್ಷ. ಆಮೇಲೆ ಅಲ್ಲಿ ಅಡುಗೆ ಮಾಡಿದವರು, ಮಕ್ಕಳ ಎತ್ತರ ಗೋಡೆ ಮೇಲೆ ಗೀಚಿದವರು ಯಾರೂ ಇಲ್ಲ.

ನಾನು ಬೆಳೆದ ದಕ್ಷಿಣ ದೆಹಲಿಯ ಕ್ವಾರ್ಟರ್ಸ್ ಈಗ ಇಲ್ಲ. ಸಾಲಿಗೆ ಸಾಲೇ ಕೆಡವಿ ಬಹುಮಹಡಿ ಕಟ್ಟಡ ಎಬ್ಬಿಸಿದ್ದಾರೆ. ಅಮ್ಮ ಹಿಂದಿನ ವರಾಂಡಕ್ಕೆ ತಗಡು ಹೊಡೆಸಿ, ಧಾರವಾಡದಿಂದ ಬಂದ ಜೋಳದ ಚೀಲ ಇಡುತ್ತಿದ್ದಳು. ನಿಯಮದ ಪ್ರಕಾರ ಅದು ಅನಧಿಕೃತ. ಯಾರಾದರೂ ಆ ಮನೆಯನ್ನು ಜೀರ್ಣೋದ್ಧಾರ ಮಾಡಿದ್ದರೂ ಮೊದಲು ಕಿತ್ತುಹಾಕುತ್ತಿದ್ದದ್ದು ಆ ತಗಡನ್ನೇ. ಸರಿಯಾದ ಕೆಲಸವೇ ಅನ್ನಿ. ಆದರೂ 57ನೇ ನಂಬರಿನಲ್ಲಿ ಒಂದು ಕೋಣೆಯನ್ನಾದರೂ, ಒಂದು ಗೋಡೆಯನ್ನಾದರೂ ಆಮೇಲಿನವರಿಗೆ ಬಿಡಬಹುದಿತ್ತು ಅಂತ ನನಗೆ ಅನ್ನಿಸುತ್ತೆ.

ಅದಕ್ಕೇ ಮನೆ ನೋಡಿದ ಮೇಲೆ ಒಂದು ಆಟೋ ಹಿಡಿದು ಸೆಕ್ಟರ್ 22ಕ್ಕೆ ಹೋಗಿ. ಊರಿನ ಆರಂಭದ ದಿನಗಳ ಸರ್ಕಾರಿ ಮನೆಗಳು ಅಲ್ಲಿವೆ. ಜಾನ್ನರೆ, ಮ್ಯಾಕ್ಸ್‌ವೆಲ್ ಫ್ರೈ, ಜೇನ್ ಡ್ರೂ, ಮೂವರ ಕೈಯೂ ಅಲ್ಲಿದೆ. ಅದೇ ಇಟ್ಟಿಗೆ, ಅದೇ ಕಿಂಡಿ. ಯಾರದೋ ಕೂಲರ್ ಹೊರಗೆ ಚಾಚಿಕೊಂಡಿತ್ತು, ಒಂದು ಮನೆಯ ಜಾಲಂಧ್ರಕ್ಕೆ ಹಗ್ಗ ಕಟ್ಟಿ ಸ್ಕೂಲ್ ಯೂನಿಫಾರ್ಮ್ ಒಣಹಾಕಿದ್ದರು. ನಾನು ಅಲ್ಲಿ ಒಂದು ಗಂಟೆ ಸುತ್ತಿದೆ. 57ನೇ ನಂಬರಿನಲ್ಲಿ ಇದ್ದದ್ದು ಮುಕ್ಕಾಲು ಗಂಟೆ.